ಗೇಟಿನಾಚೆ ಹೋದ ಆಂಬುಲೆನ್ಸು

ಆಟದ ದಿನ ಕ್ಲಬ್ಬಿನಲ್ಲಿ ಯಾರ ಕೆಲಸ ಏನು ಎಂದು ಕೇಳಿ ನೋಡಿ, ಪ್ರತಿಯೊಬ್ಬರೂ ಒಂದೊಂದು ಹೇಳುತ್ತಾರೆ. ಯಾರ ಬಾಯಲ್ಲೂ ಬಾರದೆ ಉಳಿದದ್ದೆಲ್ಲ ಗುಬ್ಬಿಯ ಕೆಲಸ. ಬೇಲಿಗೆ ಬ್ಯಾನರ್ ಕಟ್ಟುವುದು, ಮೂಲೆಯ ಬಾವುಟ ನೆಡುವುದು, ಚೆಂಡುಗಳಿಗೆ ಗಾಳಿ ತುಂಬುವುದು, ರೆಫರಿಗಳ ಕೋಣೆಯಲ್ಲಿ ಸೋಪು ಟವೆಲ್ಲು ಇಡುವುದು, ಆಟಗಾರರ ಕೈ ಹಿಡಿದು ಮೈದಾನಕ್ಕೆ ಬರುವ ಪುಟಾಣಿಗಳನ್ನು ಅದಕ್ಕೂ ಮೊದಲು ಬಚ್ಚಲಿಗೆ ಕರೆದುಕೊಂಡು ಹೋಗಿ ಬರುವುದು, ಮೈಕು ಕೆಟ್ಟರೆ ಕಿರುಚುವುದು. ಹೆಸರಿಗೆ ಇಂಟರ್ನ್. ಕೆಲಸದಲ್ಲಿ ಹತ್ತು ಕೈ, ಬೈಗುಳಕ್ಕೆ ಒಂದೇ ತಲೆ. "ಕಲಿಯೋಕೆ ಬಂದಿದೀಯ ತಾನೇ? ಕಲಿ," ಎಂದು ಮ್ಯಾನೇಜರು ಮೊದಲ ದಿನವೇ ಹೇಳಿ ಕೈತೊಳೆದುಕೊಂಡಿದ್ದರು. ಆಳು ನೋಡಿದರೆ ಹಿಡಿಯಷ್ಟು, ಓಡಾಟ ನೋಡಿದರೆ ಒಂದು ಕಡೆ ನಿಂತದ್ದೇ ಇಲ್ಲ. ಹಾಗಾಗಿ ಎರಡನೇ ವಾರಕ್ಕೇ ಅವಳ ಸ್ವಂತ ಹೆಸರು ಎಲ್ಲರಿಗೂ ಮರೆತು, ಗುಬ್ಬಿ ಉಳಿಯಿತು.

ಹೇಳಿದರೆ ಜನ ನಗುತ್ತಾರೆ, ಆದರೆ ಅವಳಿಗೆ ಈ ಕತ್ತೆ ಚಾಕರಿ ಎಂದರೆ ಪ್ರಾಣ. ಬೆಳಿಗ್ಗೆ ಖಾಲಿ ಮೈದಾನದ ಹುಲ್ಲಿನ ಮೇಲೆ ಬಿಳಿ ಗೆರೆ ಹಸಿಹಸಿಯಾಗಿ ಹೊಳೆಯುವಾಗ ಅವಳ ಹೊಟ್ಟೆಯಲ್ಲಿ ಏನೋ ಒಂದು ಖುಷಿ ಎದ್ದು ಕೂರುತ್ತಿತ್ತು. ಓದು ಮುಗಿಸಿ ನಾಲ್ಕು ಕಡೆ ಕೆಲಸ ಮಾಡಿ ನಾಲ್ಕೂ ಕಡೆ ಆಕಳಿಸಿದವಳು ಇಲ್ಲಿ ಮಾತ್ರ ಆಕಳಿಸಿರಲಿಲ್ಲ.

ಅದನ್ನು ಮನೆಯಲ್ಲಿ ಯಾರಿಗೆ ಹೇಳುವುದು? ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಭಾವನದು ಮೊಳೆ, ಬೀಗ, ಪೈಪು ಮಾರುವ ಅಂಗಡಿ. ಮನುಷ್ಯ ಕೆಟ್ಟವನಲ್ಲ, ಬಾಯಿ ಮಾತ್ರ ಸುಮ್ಮನಿರದು.

"ಏನಮ್ಮಾ, ಇವತ್ತು ಕೊನೇ ಆಟವಂತೆ?" ಎಂದ ಅವತ್ತು ಬೆಳಿಗ್ಗೆ. "ಸೋತರೆ ನಾಳೆಯಿಂದ ಅಂಗಡಿಗೆ ಬಂದುಬಿಡು. ನಟ್ಟು ಬೋಲ್ಟಿಗೆ ಸೋಲು ಗೆಲುವು ಇರಲ್ಲ ನೋಡು."

"ಬೆಳಿಗ್ಗೆ ಬೆಳಿಗ್ಗೆ ಅಪಶಕುನ ನುಡೀಬೇಡಿ," ಎಂದು ಅಕ್ಕ ಗಂಡನ ಮೇಲೆ ರೇಗಿ, ತಂಗಿಯ ಕಡೆ ತಿರುಗಿ, "ನೀನಾದ್ರೂ ಒಂದು ತುತ್ತು ತಿಂದುಕೊಂಡು ಹೋಗೇ, ಗಾಳಿಗೆ ಹಾರಿಹೋಗ್ತೀಯ," ಎಂದಳು. ಗುಬ್ಬಿ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಭಾವ ಹೇಳಿದ್ದು ತಮಾಷೆಯಾದರೂ ಸುಳ್ಳಲ್ಲ. ಇವರದು ಎರಡನೇ ದರ್ಜೆಯ ಫುಟ್‌ಬಾಲ್ ಲೀಗು, ಅದರಲ್ಲೂ ತಳದಿಂದ ಎಣಿಸಿದರೆ ಬೇಗ ಸಿಗುವ ತಂಡ. ಕೊನೆಯ ಪಂದ್ಯ ಸೋಲದಿದ್ದರೆ ಲೀಗಿನಲ್ಲಿ ಉಳಿಯುತ್ತಾರೆ, ಡ್ರಾ ಆದರೂ ಸಾಕು. ಸೋತರೆ ಕೆಳಗಿನ ದರ್ಜೆಗೆ. ಕೆಳಗೆ ಹೋದರೆ ಗೇಟಿಗೆ ಬೀಗ ಎಂದು ಮಾಲೀಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಮ್ಯಾನೇಜರು ಗುಬ್ಬಿಯನ್ನು ಕರೆದು, "ಕ್ಲಬ್ಬು ಉಳಿದರೆ ನೀನೂ ಉಳೀತೀಯ. ಮುಂದಿನ ಸೀಸನ್ನಿಗೆ ಪಕ್ಕಾ ಕೆಲಸ. ಮುಳುಗಿದರೆ ಎಲ್ಲರೂ ಒಟ್ಟಿಗೇ ಮುಳುಗೋಣ," ಎಂದಿದ್ದರು. ಮೂರು ದಿನದಿಂದ ಆ ಮಾತು ಅವಳ ತಲೆಯಲ್ಲಿ ಸುತ್ತುತ್ತಲೇ ಇತ್ತು.

ಅವಳ ಕೆಲಸಗಳಲ್ಲಿ ಯಾರೂ ಲೆಕ್ಕಕ್ಕಿಡದ ಕೆಲಸವೊಂದಿತ್ತು: ಆಂಬುಲೆನ್ಸು. ಮೈದಾನದೊಳಗೆ ಆಂಬುಲೆನ್ಸ್ ನಿಂತಿರದಿದ್ದರೆ ಆಟ ನಡೆಯಕೂಡದು, ಇದು ಲೀಗಿನ ನಿಯಮ. ಶುರುವಿನಲ್ಲಿ ರೆಫರಿ ತಾನೇ ಬಂದು ಕಣ್ಣಾರೆ ನೋಡಿದ ಮೇಲೇ ಸೀಟಿ ಊದುತ್ತಾನೆ. ನಡುವೆ ಅದು ಹೊರಗೆ ಹೋದರೆ ಕ್ಲಬ್ಬಿನವರು ತಕ್ಷಣ ತಿಳಿಸಬೇಕು, ಆಟ ನಿಲ್ಲಬೇಕು. ಅರ್ಧ ಗಂಟೆಯೊಳಗೆ ವಾಪಸು ಬಾರದಿದ್ದರೆ ಆತಿಥೇಯ ತಂಡ ಸೋತಂತೆ. ಆಸ್ಪತ್ರೆಗೆ ಬೆಳಿಗ್ಗೆಯೇ ಫೋನು ಮಾಡಿ ನೆನಪಿಸುವುದು, ಬಂದ ಗಾಡಿಯನ್ನು ಪಕ್ಕದ ಗೇಟಿನ ಹತ್ತಿರ ನಿಲ್ಲಿಸುವುದು, ಡ್ರೈವರಿಗೆ ಟೀ ತಲುಪಿಸುವುದು, ಇಷ್ಟು ಗುಬ್ಬಿಯ ಪಾಲು. ಡ್ರೈವರು ಟೀ ಕುಡಿದು, ಸೀಟು ಹಿಂದಕ್ಕೆ ಬಾಗಿಸಿ, ಮುಖದ ಮೇಲೆ ಕರವಸ್ತ್ರ ಹೊದ್ದು ಮಲಗಿಬಿಡುತ್ತಿದ್ದ. ಗೋಲು ಬಿದ್ದು ಮೈದಾನ ಹಾರಿಹೋದರೂ ಅವನಿಗೆ ಎಚ್ಚರವಿಲ್ಲ. ಕ್ಲಬ್ಬಿನವರೆಲ್ಲ ಅವನನ್ನು ಕುಂಭಕರ್ಣ ಎಂದೇ ಕರೆಯುತ್ತಿದ್ದರು, ಅವನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಇಡೀ ಸೀಸನ್ನಿನಲ್ಲಿ ಆ ಗಾಡಿಯ ಚಕ್ರ ಆಟದ ನಡುವೆ ಒಮ್ಮೆಯೂ ಉರುಳಿರಲಿಲ್ಲ.

ಇನ್ನು ಮ್ಯಾನೇಜರ ವಿಷಯ. ಆಟದ ಕೊನೆಯ ಭಾಗವನ್ನು ಅವರು ನೋಡುವುದಿಲ್ಲ. ತಾನು ನೋಡಿದರೆ ಗೋಲು ಬೀಳುತ್ತದೆ ಎಂದು ಅವರಿಗೆ ಅದೆಂಥದೋ ನಂಬಿಕೆ. ಹೊತ್ತು ಹತ್ತಿರ ಬಂದಂತೆ ಫೋನು ಆಫ್ ಮಾಡಿ, ವಾಕಿಟಾಕಿಯನ್ನು ಹುಲ್ಲಣ್ಣನ ಕೈಗೆ ತುರುಕಿ, ಸ್ಟ್ಯಾಂಡಿನ ಕೆಳಗಿರುವ ಸಾಮಾನಿನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಹರಿದ ಬಲೆ, ಸುಣ್ಣದ ಡಬ್ಬ, ಹಳೇ ಚೆಂಡುಗಳ ನಡುವೆ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಾರೆ. ಭೂಮಿ ಬಾಯಿಬಿಟ್ಟರೂ ಬಾಗಿಲು ಬಡಿಯಕೂಡದು ಎಂದು ಅಪ್ಪಣೆ. ಹುಲ್ಲಣ್ಣ ಎಂದರೆ ಹುಲ್ಲು ನೋಡಿಕೊಳ್ಳುವವನು, ಕ್ಲಬ್ಬಿನ ಗೋಡೆಗಿಂತ ಹಳಬ. "ಒಂದೊಂದು ತಲೆಗೆ ಒಂದೊಂದು ಹುಚ್ಚು, ಬಿಡು," ಎನ್ನುತ್ತಿದ್ದ ಅವನು.

ಆ ಕೋಣೆಯ ನೆತ್ತಿಯ ಮೇಲೇ ಕಂಡಕ್ಟರ್ ತಾತನ ಜಾಗ. ತಾತ ಬಸ್ಸಿನ ಕೆಲಸದಿಂದ ನಿವೃತ್ತನಾಗಿ ಯಾವ ಕಾಲವಾಯಿತೋ, ಗಂಟಲು ಮಾತ್ರ ನಿವೃತ್ತವಾಗಿರಲಿಲ್ಲ. ಪ್ರತಿ ಆಟಕ್ಕೂ ಒಂದು ದಿಂಬು ಕಂಕುಳಲ್ಲಿ ಅವುಚಿಕೊಂಡು ಒಬ್ಬನೇ ಬರುತ್ತಿದ್ದ, ಅದೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ, ಕೂತ ಕ್ಷಣದಿಂದ ಸ್ವಂತ ತಂಡವನ್ನೇ ಜಾಲಾಡುತ್ತಿದ್ದ. "ರೀ, ಮುಂದೆ ಹೋಗ್ರೀ! ಮುಂದೆಲ್ಲಾ ಖಾಲಿ ಇದೆ, ಬಾಗಿಲಲ್ಲೇ ಯಾಕೆ ನಿಂತಿದೀರಿ?" ಇದು ಫಾರ್ವರ್ಡುಗಳಿಗೆ. "ಏಯ್ ಮ್ಯಾನೇಜರಾ, ನಿನ್ನ ಟೀಮಿಗಿಂತ ನನ್ನ ಕೆಟ್ಟು ನಿಂತ ಬಸ್ಸು ಜೋರಾಗಿ ಓಡ್ತಿತ್ತಲ್ಲೋ!" ಇದು ಮ್ಯಾನೇಜರಿಗೆ. ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಮ್ಯಾನೇಜರ ಕಿವಿ ಕೆಂಪಾಗುತ್ತಿತ್ತು. ತಂಡ ಗೆದ್ದ ದಿನ ಮಾತ್ರ ತಾತ ತುಟಿ ಪಿಟಕ್ಕೆನ್ನದೆ ದಿಂಬು ಎತ್ತಿಕೊಂಡು ಹೊರಟುಬಿಡುತ್ತಿದ್ದ. ಗೆಲುವಿನ ಬಗ್ಗೆ ಹೇಳಲು ಅವನ ಹತ್ತಿರ ಏನೂ ಇರುತ್ತಿರಲಿಲ್ಲ. "ಇವನ ಗಂಟಲಿಗೆ ಒಂದು ಬೀಗ ಸಿಕ್ಕಿದ್ರೆ ನಾನೇ ತಂದು ಹಾಕ್ತೀನಿ," ಎಂದು ಮ್ಯಾನೇಜರು ಹಲ್ಲು ಕಡಿಯುತ್ತಿದ್ದರು. ಬೀಗ ಬೇಕಾದರೆ ಭಾವನ ಅಂಗಡಿಯಲ್ಲಿ ಸಿಗುತ್ತದೆ ಎಂದು ಗುಬ್ಬಿಗೆ ನಾಲಿಗೆ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದಳು.

ಅವತ್ತು ಮಧ್ಯಾಹ್ನ ಮೈದಾನ ತುಂಬಿತ್ತು. ಸಾಯುವವರನ್ನು ನೋಡಲು ಬಂದಂತೆ ಎಂದೂ ಬಾರದವರೆಲ್ಲ ಬಂದಿದ್ದರು. ಮೊದಲರ್ಧದಲ್ಲೇ ಇವರ ಕಡೆಯ ಕುಳ್ಳ ಆಟಗಾರನೊಬ್ಬ ಹೇಗೋ ಎದ್ದು ತಲೆ ಕೊಟ್ಟ, ಚೆಂಡು ಬಲೆ ಸೇರಿತು. ಒಂದು ಸೊನ್ನೆ! ಗುಬ್ಬಿ ಸ್ಕೋರುಬೋರ್ಡಿನ ಏಣಿ ಹತ್ತಿ ಕೊಕ್ಕೆಗೆ ಒಂದು ಎಂಬ ಹಲಗೆ ನೇತುಹಾಕಿದಳು. "ಅಂತೂ ಸ್ಟಾಪ್ ಬಂತಪ್ಪಾ!" ಎಂದು ತಾತ ಕೂಗಿದ್ದು ಅಲ್ಲಿವರೆಗೂ ಕೇಳಿತು.

ಕೊನೆಯ ಭಾಗ ಶುರುವಾಯಿತು. ಮ್ಯಾನೇಜರು ಎಂದಿನಂತೆ ಕೋಣೆ ಸೇರಿ ಚಿಲಕ ಹಾಕಿಕೊಂಡರು. ಎದುರು ತಂಡದವರು ಮೈಮೇಲೆ ಬಂದಂತೆ ನುಗ್ಗುತ್ತಿದ್ದರು. ಗುಬ್ಬಿ ನೀರಿನ ಬಾಟಲಿಗಳ ಬುಟ್ಟಿ ಹೊತ್ತು ಸ್ಟ್ಯಾಂಡಿನ ಮುಂದೆ ಹಾದುಹೋಗುವಾಗ, "ರೀ, ಹಿಂದೆ ಬರ್ರೀ, ಹಿಂದೆ..." ಎಂದ ತಾತನ ಸ್ವರ ನಡುವೆಯೇ ಕತ್ತರಿಸಿಹೋಯಿತು. ತಿರುಗಿ ನೋಡಿದರೆ ತಾತ ಎದೆ ಹಿಡಿದುಕೊಂಡು ಪಕ್ಕದವನ ತೊಡೆಯ ಮೇಲೆ ಒರಗಿದ್ದ. ಮುಖ ಬೂದಿಯ ಬಣ್ಣ. ಬುಟ್ಟಿ ಎಲ್ಲಿ ಇಟ್ಟಳೋ ಅವಳಿಗೇ ಗೊತ್ತಿಲ್ಲ.

ಆಟಗಾರರ ಗಾಯ ನೋಡುವ ಫಿಸಿಯೋ ಓಡಿಬಂದು ತಾತನ ಕೈ ಹಿಡಿದು ನೋಡಿದ.

"ಇದು ಹೃದಯದ್ದು. ಈಗಲೇ ಆಸ್ಪತ್ರೆಗೆ ಹೋಗ್ಬೇಕು. ಆಟ ಮುಗಿಯೋವರೆಗೂ ಕಾಯೋಕಾಗಲ್ಲ," ಎಂದ.

ಗುಬ್ಬಿ ಓಡಿದಳು. ಮೊದಲು ಹೋದದ್ದು ಸಾಮಾನಿನ ಕೋಣೆಗೆ. ಅಪ್ಪಣೆ ಗಿಪ್ಪಣೆ ಎಲ್ಲ ಗಾಳಿಗೆ ತೂರಿ ಎರಡೂ ಕೈಯಲ್ಲಿ ಬಾಗಿಲು ಬಡಿದಳು. "ಸರ್! ಸರ್, ಬಾಗಿಲು ತೆಗೀರಿ!" ಒಳಗಿನಿಂದ, "ಏಯ್ ಯಾವನೋ ಅದು, ಬಾಗಿಲಿಗೆ ಚೆಂಡು ಒದೀತಿರೋದು? ಆಚೆ ಹೋಗ್ರೋ!" ಎಂಬ ಉತ್ತರ ಬಂತು. ಹತ್ತಿ ತುಂಬಿದ ಕಿವಿಗೆ ಅವಳ ಕೂಗು ಎಲ್ಲಿ ಮುಟ್ಟಬೇಕು? ಅಲ್ಲಿಂದ ಪಕ್ಕದ ಗೇಟಿಗೆ ಓಡಿದಳು. ಆಶ್ಚರ್ಯ ನೋಡಿ, ಕುಂಭಕರ್ಣ ಕಿಟಕಿ ತಟ್ಟಿದ್ದೇ ತಡ ನೆಟ್ಟಗೆ ಎದ್ದು ಕೂತ. ಇವಳ ಮಾತು ಮುಗಿಯುವ ಮೊದಲೇ ಸ್ಟ್ರೆಚರ್ ಎಳೆದ. ನಾಲ್ಕು ಜನ ಸೇರಿ ತಾತನನ್ನು ಮಲಗಿಸಿ ತಂದರು. ಗಾಡಿಯ ಬಾಗಿಲು ಹಾಕುವ ಮೊದಲು ಕುಂಭಕರ್ಣ ಗುಬ್ಬಿಯ ಕಡೆ ತಿರುಗಿದ.

"ಅಮ್ಮಾ, ನಾನು ಹೊರಗೆ ಹೋದ್ರೆ ನಿಮ್ಮ ಆಟಕ್ಕೆ ಕುತ್ತು. ಗೊತ್ತು ತಾನೇ? ಕ್ಲಬ್ಬಿನವರು ಒಬ್ಬರು ಹೂಂ ಅನ್ಬೇಕು. ಯಾರು ಅಂತಾರೆ?"

ಕ್ಲಬ್ಬಿನವರು! ಕ್ಲಬ್ಬಿನವರು ಚಿಲಕ ಹಾಕಿಕೊಂಡು ಕೂತಿದ್ದಾರೆ. ಗುಬ್ಬಿ ತಿರುಗಿ ನೋಡಿದಳು. ಸ್ಟ್ರೆಚರಿನ ಮೇಲೆ ತಾತನ ಬಾಯಿ ತೆರೆದುಕೊಂಡಿತ್ತು, ಅದರಿಂದ ಒಂದು ಅಕ್ಷರವೂ ಬರುತ್ತಿರಲಿಲ್ಲ. ಆ ಬಾಯಿ ಹಾಗಿರುವುದನ್ನು ಅವಳು ಎಂದೂ ಕಂಡಿರಲಿಲ್ಲ.

"ನಾನು ಹೂಂ ಅಂತೀನಿ. ಹೋಗಣ್ಣಾ, ಬೇಗ ಹೋಗು. ಅವರನ್ನ ಇಳಿಸಿ ವಾಪಸ್ ಬಾ, ದಮ್ಮಯ್ಯ ಅಂತೀನಿ, ಬೇಗ ಬಾ," ಎಂದಳು. ಫಿಸಿಯೋ ಅರ್ಧ ಹತ್ತಿದವನು ಇಳಿದ. ಅವನೂ ಹೋದರೆ ಮೈದಾನದಲ್ಲಿ ನೋಡಿಕೊಳ್ಳುವವರು ಯಾರೂ ಇರುತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ತಾತನ ಪಕ್ಕ ಕೂತಿದ್ದ ಪ್ರೇಕ್ಷಕ ಜೊತೆಗೆ ಹತ್ತಿದ. ಗುಬ್ಬಿಯೇ ಗೇಟು ತಳ್ಳಿ ತೆಗೆದಳು. ಆಂಬುಲೆನ್ಸು ಬೀದಿಗಿಳಿದು ತಿರುವಿನಲ್ಲಿ ಮರೆಯಾಯಿತು.

ಹಿಂದೆ ಹುಲ್ಲಣ್ಣ ಬಂದು ನಿಂತಿದ್ದ. ಅವನು ಎಲ್ಲವನ್ನೂ ನೋಡಿದ್ದ.

"ಒಳ್ಳೇದು ಮಾಡಿದೆ," ಎಂದ ಮೆಲ್ಲಗೆ. "ಈಗ ಬಾಯಿ ಮುಚ್ಕೊಂಡಿರು. ರೆಫರಿ ನೋಡಿಲ್ಲ. ಲೀಗಿನವರು ಯಾರೂ ನೋಡಿಲ್ಲ. ಇನ್ನೇನು ಹತ್ತು ನಿಮಿಷ, ಹಲ್ಲು ಕಚ್ಚಿಕೊಂಡ್ರೆ ಆಯ್ತು. ನೀನು ಹೇಳ್ದೆ ಅಂತಿಟ್ಕೋ, ಆಟ ನಿಲ್ಲತ್ತೆ. ಗಾಡಿ ಬರಲಿಲ್ಲ ಅಂತಿಟ್ಕೋ, ನಾವು ಸೋತಂಗೆ. ಆಮೇಲೆ ನಾನೂ ಇಲ್ಲ, ನೀನೂ ಇಲ್ಲ."

ಹುಲ್ಲಣ್ಣ ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ. ಅವನ ಇಡೀ ಬದುಕು ಆ ಹುಲ್ಲು. ಗುಬ್ಬಿಗೂ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಬೇಕು? ಹತ್ತೇ ಹತ್ತು ನಿಮಿಷ. ಅವಳ ಕಣ್ಣ ಮುಂದೆ ಭಾವನ ಅಂಗಡಿಯ ಕೌಂಟರು, ಮೊಳೆಯ ಡಬ್ಬಗಳ ಸಾಲು ಬಂದು ನಿಂತವು. ಅವಳು ಗೇಟಿಗೆ ಒರಗಿ ಬಾಯಿ ಮುಚ್ಚಿಕೊಂಡೇ ನಿಂತಳು.

ಆಗ ಮೈದಾನದಲ್ಲಿ ಇವರ ಗೋಲ್‌ಕೀಪರು ಚೆಂಡಿಗೆ ಹಾರಿದ, ಎದುರಿನವನ ಮೊಣಕಾಲು ಅವನ ತಲೆಗೆ ಬಡಿಯಿತು. ಅವನು ಬಿದ್ದ, ಬಿದ್ದವನು ಏಳಲಿಲ್ಲ. ಫಿಸಿಯೋ ಪೆಟ್ಟಿಗೆ ಹಿಡಿದು ಓಡಿದ. ಗುಬ್ಬಿಯ ಕಣ್ಣು ತಾನಾಗಿ ಆಂಬುಲೆನ್ಸು ನಿಲ್ಲುವ ಜಾಗಕ್ಕೆ ಹೋಯಿತು. ಅಲ್ಲಿ ಎಣ್ಣೆ ಸೋರಿದ ಕಲೆ ಬಿಟ್ಟರೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಗೋಲ್‌ಕೀಪರು ತಲೆ ಕೊಡವಿಕೊಂಡು ಎದ್ದ, ಜನ ಚಪ್ಪಾಳೆ ತಟ್ಟಿದರು. ಎದ್ದನಲ್ಲ, ಸದ್ಯ! ಏಳದಿದ್ದರೆ?

"ನನ್ನ ಕೈಲಾಗಲ್ಲ ಅಣ್ಣಾ," ಎಂದಳು ಗುಬ್ಬಿ.

"ಏಯ್ ಗುಬ್ಬೀ, ಬೇಡ್ವೇ..." ಎಂದ ಹುಲ್ಲಣ್ಣ. ಅವಳು ಆಗಲೇ ಗೆರೆಯ ಬದಿಯಲ್ಲಿ ಕೂತಿದ್ದ ನಾಲ್ಕನೇ ರೆಫರಿಯ ಮೇಜಿನ ಮುಂದೆ ನಿಂತಿದ್ದಳು.

ರೆಫರಿ ಸೀಟಿ ಊದಿದ. ಆಟ ನಿಂತಿತು. ಕಾರಣ ಏನೆಂದು ಮೈಕಿನಲ್ಲಿ ಹೇಳಬೇಕಾದವಳೂ ಇವಳೇ! "ಆಂಬುಲೆನ್ಸ್ ಹೊರಗೆ ಹೋಗಿರುವುದರಿಂದ..." ಎನ್ನುವಷ್ಟರಲ್ಲಿ ಇಡೀ ಮೈದಾನ ಹೋ ಎಂದು ಎದ್ದಿತು. ಯಾವಳೇ ಅವಳು, ಮೈಕು ಕಿತ್ಕೊಳ್ರೋ, ಎದುರಿನವರ ಹತ್ತಿರ ಎಷ್ಟು ತಗೊಂಡಿದ್ದೀರಿ, ಹೀಗೆ ಬಾಯಿಗೆ ಬಂದದ್ದು. ಸ್ವಂತ ಆಟಗಾರರೇ ಹುಲ್ಲಿನ ಮೇಲೆ ಕುಸಿದು ಕೂತು ಅವಳನ್ನು ದುರುಗುಟ್ಟಿ ನೋಡಿದರು. ಗುಬ್ಬಿ ಮೈಕು ಇಟ್ಟು, ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತೇನೆ ಎಂಬಂತೆ ನಿಂತಳು.

ಅಷ್ಟರಲ್ಲಿ ಸಾಮಾನಿನ ಕೋಣೆಯ ಬಾಗಿಲು ಧಡಾರನೆ ತೆರೆಯಿತು. ಮ್ಯಾನೇಜರು ಎರಡೂ ಕೈ ಮೇಲೆತ್ತಿಕೊಂಡು ಹೊರಗೆ ಹಾರಿಬಂದರು. ಮುಖದ ತುಂಬ ನಗು, ತಲೆಯ ತುಂಬ ಜೇಡರ ಬಲೆ. "ಉಳಿದ್ವಲ್ರೋ! ಉಳಿದ್ವಿ!" ಎಂದು ಕೂಗುತ್ತ ಮೊದಲು ಸಿಕ್ಕ ಹುಲ್ಲಣ್ಣನನ್ನು ತಬ್ಬಿಕೊಂಡರು. ಆಮೇಲೆ ಎದುರು ತಂಡದ ಕೋಚನ್ನು. ಅವನು ಬಿಟ್ಟಬಾಯಿ ಬಿಟ್ಟಹಾಗೇ ತಬ್ಬಿಸಿಕೊಂಡ. ಕೊನೆಗೆ ರೆಫರಿಯ ಕೈಹಿಡಿದು ಕುಲುಕಿ ಕುಲುಕಿ, "ಬಹಳ ಚೆನ್ನಾಗಿ ನಡೆಸಿಕೊಟ್ರಿ ಸರ್," ಎಂದರು.

"ಏನು ನಡೆಸಿಕೊಟ್ಟೆ?" ಎಂದ ರೆಫರಿ. "ಆಟ ಇನ್ನೂ ಮುಗಿದಿಲ್ಲ."

ಸ್ಟ್ಯಾಂಡಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ತಿಳಿದದ್ದು ಇಷ್ಟು: ಮ್ಯಾನೇಜರು ಹತ್ತಿ ಇಟ್ಟುಕೊಳ್ಳುತ್ತಿದ್ದದ್ದೇನೋ ನಿಜ, ಆದರೆ ತಾತನ ಗಂಟಲು ಹತ್ತಿಗೆಲ್ಲ ಬಗ್ಗುವ ಗಂಟಲಲ್ಲ. ಇಷ್ಟು ವರ್ಷ ಅವರು ಆ ಕೋಣೆಯಲ್ಲಿ ಕೂತು ಆಟದ ಗತಿ ತಿಳಿಯುತ್ತಿದ್ದದ್ದು ತಲೆಯ ಮೇಲಿನಿಂದ ಇಳಿದು ಬರುತ್ತಿದ್ದ ಬೈಗುಳದಿಂದಲೇ. ಬೈಗುಳ ನಡೆದಿದೆ ಎಂದರೆ ಆಟ ನಡೆದಿದೆ. ಅವತ್ತು ಬೈಗುಳ ನಿಂತಿತು, ಅದರ ಹಿಂದೆಯೇ ದೊಡ್ಡದೊಂದು ಹೋ ಎದ್ದಿತು. ಹತ್ತಿಯೊಳಗಿನಿಂದ ಕೇಳಿದರೆ ಸಿಟ್ಟಿನ ಹೋ ಯಾವುದು, ಸಂತೋಷದ ಹೋ ಯಾವುದು? ಗೆದ್ದೆವು ಎಂದು ಪಾಪ ಹಾರಿಬಂದಿದ್ದರು.

ನಡೆದದ್ದು ಗೊತ್ತಾದಂತೆ ಅವರ ಮುಖದ ನಗು ಕಳಚುತ್ತ ಹೋಯಿತು. "ಯಾರು ಕಳಿಸಿದ್ದು ಗಾಡೀನ?"

"ನಾನು ಸರ್."

"ರೆಫರಿಗೆ ಹೇಳಿದ್ದು?"

"ಅದೂ ನಾನೇ ಸರ್."

"ನೀನು ಯಾವ ದೊಡ್ಡ ಮನುಷ್ಯಳು ಅಂತ ಹೇಳ್ದೆ? ಹಾಂ? ಇಷ್ಟು ಜನರ ಹೊಟ್ಟೆ ಮೇಲೆ ಹೊಡೆದೆಯಲ್ಲ ಮಾರಾಯ್ತಿ! ಕಲಿಯೋಕೆ ಬಂದವಳು ಕಲೀಬೇಕು, ಇಂಥದ್ದನ್ನೆಲ್ಲ ತೀರ್ಮಾನ ಮಾಡ್ಬಾರದು! ಅಷ್ಟಕ್ಕೂ ಯಾರಿಗೋಸ್ಕರ? ಯಾವ ಮಹಾರಾಜನಿಗೆ ಬೇಕಾಗಿತ್ತು ಆಂಬುಲೆನ್ಸು?"

ಗುಬ್ಬಿ ಅಳಬಾರದು ಎಂದು ಗಟ್ಟಿಮಾಡಿಕೊಂಡಿದ್ದಳು, ಅಳು ಬಂದೇ ಬಂತು. "ಕಂಡಕ್ಟರ್ ತಾತಂಗೆ ಸರ್. ಎದೆ ಹಿಡ್ಕೊಂಡು ಬಿದ್ದುಬಿಟ್ರು. ಬಾಗಿಲು ಬಡಿದೆ, ನೀವು ತೆಗೀಲಿಲ್ಲ."

ಮ್ಯಾನೇಜರ ಕೈ ಮೇಲೆದ್ದದ್ದು ಮೇಲೆಯೇ ನಿಂತಿತು. ಅವರು ಸ್ಟ್ಯಾಂಡಿನ ಕಡೆ ನೋಡಿದರು. ಬೆಂಚಿನ ತುದಿಯಲ್ಲಿ ದಿಂಬು ಒಂದೇ ಇತ್ತು. ಅವರು ಮೆಟ್ಟಿಲು ಹತ್ತಿಹೋಗಿ, ಆ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು, ತಾತನ ಜಾಗದಲ್ಲಿ ಕೂತುಬಿಟ್ಟರು.

ಕಾಯುವುದೆಂದರೆ ಏನೆಂದು ಗುಬ್ಬಿಗೆ ಅವತ್ತು ತಿಳಿಯಿತು. ಬೇರೆ ಆಂಬುಲೆನ್ಸಿಗಾಗಿ ಊರಿನ ಎಲ್ಲ ಆಸ್ಪತ್ರೆಗೂ ಫೋನು ಮಾಡಿದಳು. ಒಂದರದು ಹೊರಗೆ ಹೋಗಿದೆ, ಇನ್ನೊಂದರದು ಕೆಟ್ಟಿದೆ, ಮತ್ತೊಂದರಲ್ಲಿ ಯಾರೂ ಎತ್ತುವುದಿಲ್ಲ. ಕುಂಭಕರ್ಣನ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತಿತ್ತು. ರೆಫರಿ ಮಣಿಕಟ್ಟಿನ ಗಡಿಯಾರ ನೋಡುತ್ತಿದ್ದ. ಎದುರು ತಂಡದ ಹುಡುಗರು ಚೆಂಡು ತಟ್ಟುತ್ತ ನಗುತ್ತಿದ್ದರು, ಅವರಿಗೇನು, ಕೂತಲ್ಲೇ ಗೆಲುವು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗುಬ್ಬಿಗೆ ವಿಚಿತ್ರವೆನ್ನಿಸಿದ್ದು ತನ್ನ ಮನಸ್ಸೇ. ಗಾಡಿ ಬೇಗ ಬರಲಿ ಎಂದು ಬೇಡಿಕೊಳ್ಳುತ್ತಾಳೆ, ಮರುಗಳಿಗೆಗೆ, ಬೇಗ ಬಂದರೆ ಏನರ್ಥ, ತಾತನಿಗೆ ಮಾಡುವಂಥದ್ದು ಏನೂ ಉಳಿಯಲಿಲ್ಲವೆಂದೇ ಎಂದು ಎದೆ ಧಸಕ್ಕೆನ್ನುತ್ತದೆ. ಬರಲಿ ಎನ್ನಲೂ ಹೆದರಿಕೆ, ಬಾರದಿರಲಿ ಎನ್ನಲೂ ಹೆದರಿಕೆ. ಹುಲ್ಲಣ್ಣ ಅವಳ ಪಕ್ಕದಲ್ಲೇ ಗೇಟಿಗೆ ಒರಗಿ ನಿಂತಿದ್ದ. ನಾನು ಮೊದಲೇ ಹೇಳಿದ್ದೆ ಎಂದು ಅವನು ಅನ್ನಲಿಲ್ಲವಲ್ಲ, ಅದು ದೊಡ್ಡದು.

ಅರ್ಧ ಗಂಟೆ ತುಂಬುತ್ತ ಬಂತು, ರೆಫರಿ ಎದ್ದು ನಿಂತ. ಬಟ್ಟೆಯ ಧೂಳು ಕೊಡವಿಕೊಂಡು ಎರಡೂ ತಂಡದ ನಾಯಕರನ್ನು ಕರೆದ. ಗುಬ್ಬಿ ಕಣ್ಣು ಮುಚ್ಚಿಕೊಂಡಳು. ಆಗ ದೂರದಲ್ಲಿ, ಬೀದಿಯ ತಿರುವಿನ ಆಚೆ, ಹಾರ್ನ್ ಕೇಳಿಸಿತು. ಒಂದೇ ಸಮನೆ, ಬೆರಳು ತೆಗೆಯದೆ ಒತ್ತಿಹಿಡಿದ ಹಾರ್ನ್. ಹುಲ್ಲಣ್ಣ ಆ ವಯಸ್ಸಿನಲ್ಲೂ ಚಿಗರೆಯ ಹಾಗೆ ಜಿಗಿದು ಗೇಟು ಎಳೆದ. ಆಂಬುಲೆನ್ಸು ಒಳಗೆ ನುಗ್ಗಿ, ಎಣ್ಣೆಯ ಕಲೆಯ ಮೇಲೇ ಗಕ್ಕನೆ ನಿಂತಿತು.

ಕುಂಭಕರ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಬೆವರಿನಲ್ಲಿ ಮಿಂದಿದ್ದ. "ಜೀವ ಇದೆ!" ಎಂದು ಕೂಗಿದ. "ಡಾಕ್ಟ್ರು ಒಳಗೆ ಕರ್ಕೊಂಡಿದಾರೆ. ಇನ್ನು ಸ್ವಲ್ಪ ತಡ ಆಗಿದ್ರೆ ಮುಗಿದೇ ಹೋಗ್ತಿತ್ತು ಅಂದ್ರು!"

ಹೋದ ಜೀವ ಬಂದಂತಾಗುವುದು ಎನ್ನುತ್ತಾರಲ್ಲ, ಗುಬ್ಬಿಗೆ ಅದು ಮಾತಿನ ಮಾತಲ್ಲ, ಕಾಲಿನವರೆಗೂ ಇಳಿದದ್ದು ಗೊತ್ತಾಯಿತು. ಅವಳು ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಸ್ಟ್ಯಾಂಡು ತಲುಪಿತು. ಈಗಷ್ಟೇ ಮೈಕು ಕಿತ್ಕೊಳ್ರೋ ಎಂದವರೇ ಎದ್ದುನಿಂತು ಚಪ್ಪಾಳೆ ತಟ್ಟಿದರು. ಜನರ ನಾಲಿಗೆಗೆ ಎಲುಬಿಲ್ಲ, ಆದರೆ ಕೈ ಒಳ್ಳೆಯದು.

ಆಟ ಮತ್ತೆ ಶುರುವಾಯಿತು. ಮ್ಯಾನೇಜರು ಕೋಣೆಗೆ ಹೋಗಲಿಲ್ಲ. ತಾತನ ಜಾಗದಲ್ಲೇ ಕೂತು, ಜೀವಮಾನದಲ್ಲಿ ಮೊದಲ ಸಲ ಕೊನೆಯ ನಿಮಿಷಗಳನ್ನು ಕಣ್ಣುಬಿಟ್ಟು ನೋಡಿದರು. ಅವರ ನಂಬಿಕೆ ಪೂರ್ತಿ ಸುಳ್ಳೂ ಆಗಲಿಲ್ಲ ಅನ್ನಿ, ಎದುರಿನವರು ಒಂದು ಗೋಲು ಹೊಡೆದೇ ಬಿಟ್ಟರು. ಒಂದು ಒಂದು. ಸಮ. ಮೈದಾನದಲ್ಲಿ ಉಸಿರಿಲ್ಲ. ಇನ್ನೊಂದು ಚೆಂಡು ಕಂಬಕ್ಕೆ ಬಡಿದು ಹೊರಗೆ ಹಾರಿತು. ಅದಾದ ಮೇಲೆ ರೆಫರಿ ಸೀಟಿ ಉದ್ದಕ್ಕೆ ಊದಿದ.

ಸೋಲಲಿಲ್ಲ. ಉಳಿದರು! ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದರು, ಹುಲ್ಲಣ್ಣ ತನ್ನ ಹುಲ್ಲನ್ನು ಎರಡೂ ಕೈಯಲ್ಲಿ ಸವರಿದ, ಕುಂಭಕರ್ಣ ಗಾಡಿಯ ಹಾರ್ನ್ ಬಾರಿಸಿದ. ಗುಬ್ಬಿ ಮಾತ್ರ ಬ್ಯಾನರು ಬಿಚ್ಚತೊಡಗಿದಳು. ಕ್ಲಬ್ಬು ಉಳಿಯಿತು, ಸರಿ, ಆದರೆ ತನ್ನ ಕೆಲಸದ ಮಾತು? ಮಾರಾಯ್ತಿ ಎಂದು ಬೈದ ಬಾಯಿ ಇನ್ನೂ ಏನೂ ಹೇಳಿರಲಿಲ್ಲ. ಮ್ಯಾನೇಜರು ದಿಂಬು ಹಿಡಿದು ಇಳಿದುಬಂದು, "ಅದನ್ನ ಹುಲ್ಲಣ್ಣ ಬಿಚ್ತಾನೆ, ಬಿಡು. ನಡಿ ಆಸ್ಪತ್ರೆಗೆ," ಎಂದರು.

ಆಸ್ಪತ್ರೆಯ ಉದ್ದದ ಕಾರಿಡಾರಿನ ಕಿಟಕಿಗಳಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ಗಾಜಿನ ಬಾಗಿಲಿನ ಆಚೆ ತಾತ ಮಲಗಿದ್ದ, ಮೂಗಿಗೆ ನಳಿಕೆ, ಎದೆ ಸಣ್ಣಗೆ ಏರಿಳಿಯುತ್ತಿತ್ತು. ಹೊರಗಿನ ಬೆಂಚಿನಲ್ಲಿ ಒಬ್ಬಳು ಹೆಂಗಸು ಕೂತಿದ್ದಳು, ಅಡುಗೆಮನೆಯಿಂದ ಹಾಗೇ ಎದ್ದುಬಂದಂತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ತಾತನ ಸೊಸೆ.

"ಗಂಡಾಂತರ ಕಳೀತಂತೆ," ಎಂದಳು ಇವರು ಕೇಳುವ ಮೊದಲೇ. "ಎರಡು ಮೂರು ದಿನದಲ್ಲಿ ಎದ್ದು ಕೂರ್ತಾರಂತೆ." ಆಮೇಲೆ ಸ್ವಲ್ಪ ಸಂಕೋಚದಿಂದ, "ನಿಮ್ಮ ಮೈದಾನದಲ್ಲಿ ಮಾವ ಏನು ಮಾಡ್ತಾರೆ? ಏನಾದ್ರೂ ಮಾತಾಡ್ತಾರಾ?" ಎಂದು ಕೇಳಿದಳು.

ಮ್ಯಾನೇಜರು ಗುಬ್ಬಿಯ ಮುಖ ನೋಡಿದರು, ಗುಬ್ಬಿ ಮ್ಯಾನೇಜರ ಮುಖ ನೋಡಿದಳು.

"ಯಾಕಮ್ಮಾ ಹಾಗೆ ಕೇಳ್ತೀರಿ?"

"ಅತ್ತೆ ಹೋದ ಮೇಲೆ ಮನೇಲಿ ಅವರ ಸ್ವರಾನೇ ನಾವು ಕೇಳಿಲ್ಲ. ಊಟಕ್ಕೆ ಕರೆದ್ರೆ ಬರ್ತಾರೆ, ಉಂಡು ಎದ್ದು ಹೋಗ್ತಾರೆ. ನಮ್ಮ ಮೇಲೇನೋ ಕೋಪ ಅಂತ ಅಂದ್ಕೊಂಡಿದ್ದೆ. ಆಟದ ದಿನ ಮಾತ್ರ ಬೆಳಿಗ್ಗೇನೇ ಸ್ನಾನ ಮಾಡಿ ದಿಂಬು ಹಿಡ್ಕೊಂಡು ಬಾಗಿಲಲ್ಲಿ ಕೂತಿರ್ತಾರೆ. ಅಲ್ಲಾದ್ರೂ ಯಾರ ಹತ್ರಾನಾದ್ರೂ ಮಾತಾಡ್ತಾರಾ ಅಂತ."

ಮ್ಯಾನೇಜರು ಕೈಯಲ್ಲಿದ್ದ ದಿಂಬನ್ನು ಅವಳ ಪಕ್ಕದಲ್ಲಿ ಇಟ್ಟರು.

"ಮಾತಾಡ್ತಾರಮ್ಮಾ," ಎಂದರು. "ನನ್ನ ಜೊತೆ ಮಾತಾಡ್ತಾರೆ. ಬಾಯ್ತುಂಬಾ ಮಾತಾಡ್ತಾರೆ."

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುತ್ತಲೇ ನಕ್ಕಳು ಕೂಡ. "ಸದ್ಯ. ಅಷ್ಟು ಸಾಕು ನನಗೆ," ಎಂದವಳು ಗುಬ್ಬಿಯ ಕಡೆ ತಿರುಗಿ, "ಈಕೆ ನಿಮ್ಮ ಮಗಳಾ?" ಎಂದಳು.

"ಅಲ್ಲಮ್ಮಾ. ಇವಳು ಕ್ಲಬ್ಬಿನವಳು," ಎಂದರು ಮ್ಯಾನೇಜರು. "ನಾನಿಲ್ಲದಾಗ ಕ್ಲಬ್ಬಿನ ಪರವಾಗಿ ಹೂಂ ಅನ್ನೋಳು ಇವಳೇ. ಇವತ್ತು ಗಾಡಿ ಕಳಿಸಿದ್ದೂ ಇವಳೇ. ಮುಂದಿನ ಸೀಸನ್ನಿಂದ ಆಟದ ದಿನದ ಉಸ್ತುವಾರಿ ಎಲ್ಲಾ ಇವಳದು."

ಸೊಸೆ ಗುಬ್ಬಿಯ ಎರಡೂ ಕೈ ಹಿಡಿದುಕೊಂಡಳು. ಬೆಳಿಗ್ಗೆಯಿಂದ ಎದೆಯಲ್ಲಿ ಗಂಟುಕಟ್ಟಿಕೊಂಡಿದ್ದದ್ದೆಲ್ಲ ಸಡಿಲವಾಗಿ, ಗುಬ್ಬಿ ಆ ಹೆಂಗಸಿನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, ಹಿಡಿದ ಕೈ ಬಿಡದೆ, ಮನಸಾರೆ ಅತ್ತಳು. ಮ್ಯಾನೇಜರು ಟೀ ತರುತ್ತೇನೆಂದು ಎದ್ದುಹೋದರು.